ಚುಟ್ಟಕ್ಕೆ ಹಿಡಿದ ಕೊಡೆ

ಲಂಡನ್ನಿನ ಹೇಸ್‌ನಲ್ಲಿರುವ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಹಳೆಯ ಚರ್ಚಿದೆ. ವರ್ಷಕ್ಕೊಮ್ಮೆ, ಆಷಾಢ ಅಮಾವಾಸ್ಯೆಯ ಹಿಂದಿನ ದಿನ, ನಾನು ಅದರ ಅಂಗಳಕ್ಕೆ ಹೋಗಿ ಒಂದು ಗೋರಿಯ ಮುಂದೆ ನಿಂತು ಬರುತ್ತೇನೆ. ಪ್ರಾರ್ಥನೆಗಲ್ಲ. ಹೂವೂ ಒಯ್ಯುವುದಿಲ್ಲ. ಈ ಸಲವೂ ಹೋಗಿದ್ದೆ. ಯಾರೋ ಆಗಷ್ಟೇ ಹುಲ್ಲು ಕತ್ತರಿಸಿ ಹೋಗಿದ್ದರು. ಬೇಲಿಯಾಚೆ ಬಸ್‌ಸ್ಟಾಪಿನಲ್ಲಿ ಒಬ್ಬ ಮುದುಕ ಸಿಗಾರ್ ಸೇದುತ್ತಿದ್ದ. ಒಣಹುಲ್ಲಿನ ವಾಸನೆಗೆ ಹೊಗೆಸೊಪ್ಪಿನ ವಾಸನೆ ಸೇರಿದ್ದೇ ತಡ, ಆ ಬೇಸಗೆ ನೆನಪಾಗಿ ಮೈಯೆಲ್ಲ ಮತ್ತೆ ಉರಿಯಿತು. ಕಾಲ ಕಳೆದಂತೆ ಸಿಟ್ಟು ತಣಿಯುತ್ತದೆ ಎನ್ನುತ್ತಾರೆ. ಯಾರದ್ದು ತಣಿದಿದೆಯೋ ಗೊತ್ತಿಲ್ಲ, ನನ್ನದಂತೂ ತಣಿದಿಲ್ಲ.

ಗೋರಿಯೊಳಗೆ ಇರುವವನು ಹತ್ತೊಂಬತ್ತನೆಯ ಶತಮಾನದ ಒಬ್ಬ ಮಿಲಿಟರಿ ಎಂಜಿನಿಯರ್. ಹೆಸರು ಬರೆಯುವುದಿಲ್ಲ. ಅವನ ಹೆಸರು ಈಗಾಗಲೇ ಎರಡು ಕಲ್ಲುಗಳ ಮೇಲಿದೆ, ಒಂದು ಇಲ್ಲಿ, ಇನ್ನೊಂದು ನನ್ನ ಗಂಡನ ಊರಿನ ಘಾಟಿಯಲ್ಲಿ. ಅಷ್ಟು ಸಾಕು. ಇದೇ ಊರಿನ ಪಾದ್ರಿಯೊಬ್ಬನ ಮಗ. ಮೀಸೆ ಚಿಗುರುವ ಹೊತ್ತಿಗೆ ಹಡಗು ಹತ್ತಿ ಮದರಾಸಿನ ಸೇನೆ ಸೇರಿದ. ನಕ್ಷೆ ಬರೆಯುವುದರಲ್ಲಿ ಕೈ ಚೆನ್ನಾಗಿತ್ತಂತೆ. ಮೊದಲು ಕೋಟೆಗಳ ಗೋಡೆ ಒಡೆಯುವುದನ್ನು ಕಲಿತ, ಆಮೇಲೆ ಸೇತುವೆ, ರಸ್ತೆ ಕಟ್ಟಿಸುವುದಕ್ಕೆ ಹೊರಳಿದ. ಕುಂದಾಪುರದ ಕಡೆಯಿಂದ ಘಟ್ಟದ ಮೇಲಕ್ಕೆ ಫಿರಂಗಿ ಎಳೆದುಕೊಂಡು ಹೋಗುವಷ್ಟು ಅಗಲದ ದಾರಿ ಸರ್ಕಾರಕ್ಕೆ ಬೇಕಿತ್ತು. ಆ ದಾರಿ ಮಾಡಿಸಿದವನು ಇವನು. ಫಿರಂಗಿ ಹತ್ತಿ ಹೋದ ಮೇಲೆ ಅದೇ ದಾರಿಯಲ್ಲಿ ಕಾಫಿ, ಮೆಣಸು ಇಳಿಯಿತು. ಇವನು ಬಡ್ತಿ ಪಡೆದು, ಪದಕ ತೊಟ್ಟು, ಹುಟ್ಟೂರಿಗೆ ಮರಳಿ, ಗುಲಾಬಿ ಬೆಳೆಸಿಕೊಂಡಿದ್ದು ಹಾಸಿಗೆಯ ಮೇಲೆ ಸತ್ತ. ಹಾಸಿಗೆಯ ಮೇಲೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ.

ಆ ವರ್ಷ ಲಂಡನ್ ಮಳೆಯನ್ನೇ ಮರೆತಿತ್ತು. ಪಾರ್ಕಿನ ಹುಲ್ಲು ಸುಟ್ಟು ಬಣ್ಣ ಕಳೆದುಕೊಂಡಿತ್ತು, ತೋಟಕ್ಕೆ ಪೈಪಿನಲ್ಲಿ ನೀರು ಬಿಡಬಾರದೆಂದು ಆದೇಶವಾಗಿತ್ತು, ನಮ್ಮ ಬಾಡಿಗೆ ಮನೆಯ ಮಹಡಿಯ ಕೋಣೆಯಲ್ಲಿ ಮಲಗಲು ಆಗುತ್ತಿರಲಿಲ್ಲ. ಅಂಥ ಬೇಸಗೆಯಲ್ಲಿ ಅತ್ತೆ, ನನ್ನ ಗಂಡ ಸುಧಾಕರನ ಅಮ್ಮ, ಮೊದಲ ಸಲ ನಮ್ಮಲ್ಲಿಗೆ ಬಂದರು. ಅವರ ಮನೆ ಘಾಟಿಯ ಬುಡದಲ್ಲಿದೆ. ಅಲ್ಲಿ ಆಷಾಢವೆಂದರೆ ಹಗಲೂ ರಾತ್ರಿ ಒಂದೇ ಸಮ ಮಳೆ. ಇಲ್ಲಿ ಅವರು ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು ಆಕಾಶ ನೋಡಿ, "ಇದ್ ಎಂತ ಆಸಾಡಿಯಾ? ಒಂದ್ ಹನಿ ಇಲ್ಲ" ಎನ್ನುತ್ತಿದ್ದರು. ತಪ್ಪು ನನ್ನದೇ ಎನ್ನುವ ಧಾಟಿ.

ನಾನು ಮೈಸೂರಿನವಳು. ಮದುವೆಯಾದ ಮೊದಲ ವರ್ಷ ಅತ್ತೆಯ ಕುಂದಾಪುರದ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ, ಆಮೇಲೆ ಹಟಕ್ಕೆ ಬಿದ್ದು ಕಲಿತೆ. ವಾರದ ದಿನಗಳಲ್ಲಿ ಒಂದು ವೇರ್‌ಹೌಸಿನ ಆಫೀಸಿನಲ್ಲಿ ಕೆಲಸ. ಶನಿವಾರ ಬೆಳಿಗ್ಗೆ ಅದೇ ಚರ್ಚಿನ ಹಾಲ್‌ನಲ್ಲಿ ಕನ್ನಡ ಕ್ಲಾಸ್ ನಡೆಸುತ್ತಿದ್ದೆ. ಹೇಸ್, ಫೆಲ್ಥಮ್‌ಗಳಿಂದ ಮಕ್ಕಳು ಬರುತ್ತಿದ್ದರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು. ನನ್ನ ಮಗಳು ಅನಘ ಅವರೆಲ್ಲರ ನಾಯಕಿ. ಅವಳಿಗಾಗಿಯೇ ಕ್ಲಾಸ್ ಶುರು ಮಾಡಿದ್ದು. ಅವಳು ಬಾಯಿಬಿಟ್ಟು ಒಂದು ಕನ್ನಡ ವಾಕ್ಯ ಆಡಿದ್ದನ್ನು ನಾನು ಕೇಳಿರಲಿಲ್ಲ.

ಆ ಬೇಸಗೆಯಲ್ಲಿ ಚರ್ಚಿನ ಸಮಿತಿಯವರು ಎರಡು ಕೆಲಸ ಹಮ್ಮಿಕೊಂಡಿದ್ದರು. ಒಂದು, ಹಾಲ್ ದುರಸ್ತಿ. ಮುಗಿದ ಮೇಲೆ ಯಾವ ಗುಂಪಿಗೆ ಜಾಗ ಕೊಡಬೇಕೆಂದು ಹೊಸದಾಗಿ ತೀರ್ಮಾನವಾಗಬೇಕಿತ್ತು. ಇನ್ನೊಂದು, ಈ ಎಂಜಿನಿಯರನ ಗೋರಿ ಶುಚಿ ಮಾಡಿ, ಪಕ್ಕದಲ್ಲಿ ಅವನ ಜೀವನ, ಸಾಧನೆ ತಿಳಿಸುವ ಒಂದು ಫಲಕ ನಿಲ್ಲಿಸುವುದು. ಎರಡನ್ನೂ ಗಂಟು ಹಾಕಿದವರು ನಮ್ಮ ಕನ್ನಡ ಗುಂಪಿನ ಮುಂದಾಳು ರಘುನಂದನ್. ಬೆಂಗಳೂರಿನವರು, ಐಟಿಯಲ್ಲಿ ದೊಡ್ಡ ಕೆಲಸ, ಎಲ್ಲರಿಗೂ ಬೇಕಾದವರು. ಯುಗಾದಿ ಊಟದ ದಿನ ಸುಧಾಕರ ಅವರೆದುರು ಜಂಬ ಕೊಚ್ಚಿದ್ದ, "ನಮ್ಮೂರ ಘಾಟಿಯಲ್ಲಿ ಒಬ್ಬ ಇಂಗ್ಲಿಷ್ ದೊರೆಗೆ ಪೂಜೆ ಮಾಡ್ತ್ರ್, ಗೊತ್ತಿತ್ತಾ?" ಎಂದು. ಫೋನಿನಲ್ಲಿದ್ದ ಒಂದು ಫೋಟೋವನ್ನೂ ತೋರಿಸಿದ್ದ. ಜಡಿಮಳೆ. ರಸ್ತೆಯ ತಿರುವು. ಅಲ್ಲಿ ದೊರೆಯ ಹೆಸರು ಕೆತ್ತಿದ ಕಲ್ಲು. ಎದುರಿನ ಮೋಟುಗೋಡೆಯ ಮೇಲೆ ಹೊತ್ತಿಸಿಟ್ಟ ಒಂದು ಚುಟ್ಟ, ಆ ಚುಟ್ಟ ನೆನೆಯದಂತೆ ಕೊಡೆ ಹಿಡಿದು, ತಾನು ತೊಯ್ದು ತೊಪ್ಪೆಯಾಗಿ ನಿಂತ ಅತ್ತೆ.

ಕಲ್ಲಿನ ಮೇಲಿನ ಹೆಸರು ಇಲ್ಲಿನ ಗೋರಿಯದೇ ಎಂದು ಗುರುತಿಸಿದ ರಘುನಂದನ್ ಆ ಫೋಟೋ ಕಳಿಸಿಕೊಂಡರು. ನಾಲ್ಕೇ ದಿನದಲ್ಲಿ ಅದು ಸಮಿತಿಯ ಮೇಜಿನ ಮೇಲಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ಅತ್ತೆಯನ್ನಂತೂ ಕೇಳುವ ಯೋಚನೆಯೇ ಯಾರಿಗೂ ಬರಲಿಲ್ಲ.

ಅತ್ತೆ ಬಂದ ವಾರವೇ ಅವರನ್ನು ಕ್ಲಾಸಿಗೆ ಕರೆದುಕೊಂಡು ಹೋಗಿದ್ದೆ. ಮರಳುವಾಗ ಗೋರಿ ತೋರಿಸಿ, "ನಿಮ್ಮ ಘಾಟಿ ದೊರೆ ಇವನೇ ಅತ್ತೆ" ಎಂದೆ. ಸ್ವಲ್ಪ ಕೊಂಕಾಗಿಯೇ ಹೇಳಿದೆ. ಪೂಜೆಯ ಕತೆ ಕೇಳಿದಾಗಿನಿಂದ ನನಗೆ ಒಳಗೊಳಗೇ ಕುದಿಯುತ್ತಿತ್ತು. ಫಿರಂಗಿ ಎಳೆಯಲು ದಾರಿ ಮಾಡಿಸಿದವನಿಗೆ ಮಳೆಯಲ್ಲಿ ನೆನೆದು ಕೊಡೆ ಹಿಡಿಯುವುದೆಂದರೆ ಏನರ್ಥ?

ಅತ್ತೆ ಗೋರಿಗೆ ಒಂದು ಸುತ್ತು ಬಂದರು. ಬಗ್ಗಿ ನೋಡಿದರು. ಕಾಲಿನಿಂದ ನೆಲ ಒತ್ತಿದರು.

"ಒಳಗ್ ಇದ್ದನಾ? ಅಲ್ಲ ಬರೀ ಕಲ್ಲಾ?"

"ಒಳಗೇ ಇದ್ದಾನೆ."

"ನಿಂಗ್ ಸಮಾ ಗೊತ್ತಿತ್ತಾ?"

"ಹಾಗಂತ ಬರೆದಿದೆ ಅತ್ತೆ. ನಡೀರಿ, ಬಿಸಿಲು" ಎಂದು ರೇಗಿದೆ. ಅವರು ಮತ್ತೆ ಎರಡು ಸಲ ಹಿಂದಿರುಗಿ ನೋಡಿದರು. ಭಕ್ತಿ ಉಕ್ಕುತ್ತಿದೆ ಎಂದುಕೊಂಡೆ.

ಫಲಕ ಅನಾವರಣಕ್ಕೆ ಒಂದು ವಾರ ಇರುವಾಗ ರಘುನಂದನ್ ಮನೆಗೆ ಬಂದರು. ಫಲಕದ ನಮೂನೆಯನ್ನು ಟ್ಯಾಬ್ಲೆಟ್‌ನಲ್ಲಿ ತೋರಿಸಿದರು. ಮೇಲೆ ದೊರೆಯ ಚಿತ್ರ. ಕೆಳಗೆ 'ದುರ್ಗಮ ಕಾಡನ್ನು ಸೀಳಿ ರಸ್ತೆ ನಿರ್ಮಿಸಿದ' ಇತ್ಯಾದಿ. ಗುದ್ದಲಿ ಹಿಡಿದು ಒಬ್ಬನೇ ಅಗೆದನೋ ಎನ್ನುವ ಹಾಗೆ. ತೀರ ಕೆಳಗೆ, ಅಂಗೈಯಗಲ, ಕೊಡೆ ಹಿಡಿದ ಅತ್ತೆ. ಅದರಡಿ ಇಂಗ್ಲಿಷಿನಲ್ಲಿ ಬರೆದಿದ್ದರು, ಸ್ಥಳೀಯರು ಕೃತಜ್ಞತೆಯಿಂದ ಇವನನ್ನು ಇಂದಿಗೂ ಪೂಜಿಸುತ್ತಾರೆ ಎಂದು.

"ಶೈಲಾ ಅವ್ರೇ, ಅವತ್ತು ಅಮ್ಮ ಎರಡು ಮಾತಾಡ್ಲಿ, ನೀವು ಟ್ರಾನ್ಸ್‌ಲೇಟ್ ಮಾಡಿ. ಸಿಂಪಲ್ಲಾಗಿ, ಥ್ಯಾಂಕ್ಸ್ ಹೇಳಿದ್ರೆ ಸಾಕು" ಎಂದರು ರಘುನಂದನ್. "ಹಾಲ್ ವಿಷ್ಯ ಅವ್ರ ಕೈಲೇ ಇದೆ. ನಿಮ್ ಕ್ಲಾಸ್‌ಗೋಸ್ಕರಾನೇ ನಾನು ಇಷ್ಟೆಲ್ಲ ಓಡಾಡ್ತಿರೋದು."

"ಫಿರಂಗಿಗೆ ಮಾಡಿದ ದಾರಿಗೆ ನಾವ್ಯಾಕೆ ಥ್ಯಾಂಕ್ಸ್ ಹೇಳ್ಬೇಕು?" ಎಂದೆ.

"ಅಯ್ಯೋ ಬಿಡಿ. ರೋಡ್ ಇದೆ ತಾನೇ? ನೀವು ಊರಿಗೆ ಹೋದ್ರೆ ಅದೇ ರೋಡಲ್ಲಿ ತಾನೇ ಹೋಗೋದು?"

ನಿಜ. ಅದೇ ರಸ್ತೆಯಲ್ಲೇ ಹೋಗುತ್ತೇವೆ. ಅವನು ಕಟ್ಟಿಸಿದ ತಡೆಗೋಡೆಯ ಒಂದು ಕಲ್ಲೂ ಅಲುಗಿಲ್ಲ, ನಮ್ಮ ಕಾಲದ ಗುತ್ತಿಗೆದಾರರು ಕಟ್ಟಿದ್ದು ಮಳೆಗಾಲಕ್ಕೊಮ್ಮೆ ಕುಸಿಯುತ್ತದೆ. ಅವನಿಗೆ ಕೆಲಸ ಗೊತ್ತಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅವರು ಹೋದ ಮೇಲೆ ಆ ಸಿಟ್ಟನ್ನೆಲ್ಲ ಅತ್ತೆಯ ಮೇಲೆ ತಿರುಗಿಸಿದೆ. ಅವರು ಅಡುಗೆಮನೆಯಲ್ಲಿ ಹುರುಳಿ ಆರಿಸುತ್ತಿದ್ದರು. "ಅಲ್ಲ ಅತ್ತೆ, ನೀವ್ಯಾಕೆ ಅವನಿಗೆ ಪೂಜೆ ಮಾಡೋದು?" ಎಂದೆ.

ಅತ್ತೆ ತಲೆ ಎತ್ತಿದರು. "ಪೂಜಿಯಾ? ಅಂವ್ನಿಗ್ ಎಂತಕ್ಕೆ ಪೂಜಿ?"

"ಮತ್ತೆ ಚುಟ್ಟ?"

"ಚುಟ್ಟ ಕೊಡುದ್ ಅಂವ ಆಚಿಗ್ ಹೋಪುಕೆ. ಅಂವ ಎದ್ರಿಗ್ ನಿಂತ್ಕಂಡ್ರೆ ಅವ್ರ್ ಉಂಬುದ್ ಹ್ಯಾಂಗೆ?"

"ಯಾರು ಉಣ್ಣೋದು?"

"ಗೋಡಿ ಅಡಿಗ್ ಇಪ್ಪೋರ್."

ಹುರುಳಿಯ ಮೊರ ಪಕ್ಕಕ್ಕಿಟ್ಟು ಅತ್ತೆ ಹೇಳಿದರು. ಅವರಿಗೆ ಅವರ ಅತ್ತೆ ಹೇಳಿದ್ದು, ಆ ಅತ್ತೆಗೆ ಅವರ ಅತ್ತೆ. ದಾರಿ ಕಡಿಯಲು ಸುತ್ತಲಿನ ಹಳ್ಳಿಗಳ ಗಂಡಸರನ್ನು ಹಿಡಿದು ತರುತ್ತಿದ್ದರಂತೆ. ಬಿಟ್ಟಿ ಕೆಲಸ. ಗಂಡಸರು ಕಣ್ಣಿಗೆ ಬಿದ್ದರೆ ಎಳೆದೊಯ್ಯುತ್ತಾರೆಂದು ಗಂಜಿ ಹೊತ್ತುಕೊಂಡು ಹೋಗುವವರು ಹೆಂಗಸರೇ. ಮಳೆ ಹಿಡಿದರೂ ದೊರೆ ಕೆಲಸ ನಿಲ್ಲಿಸಲಿಲ್ಲ, ಫಿರಂಗಿ ಬರುವುದಿತ್ತು. ಬಾಯಲ್ಲಿ ಚುಟ್ಟ ಕಚ್ಚಿಕೊಂಡು ಎದುರು ನಿಂತಿರುತ್ತಿದ್ದ. ಅವನು ಕಣ್ಣೆದುರು ಇರುವಷ್ಟು ಹೊತ್ತು ಯಾರೂ ಕೂತು ಉಣ್ಣುವ ಹಾಗಿಲ್ಲ. ಆಷಾಢದ ಅಮಾವಾಸ್ಯೆಯ ದಿನ ಹೆಂಗಸರು ಗಂಜಿ ತಂದು ಕಾದು ನಿಂತಿದ್ದಾಗಲೇ, ಅವರ ಕಣ್ಣೆದುರಿಗೇ, ಗುಡ್ಡ ಜರಿಯಿತು.

"ಹಸ್ದ್ ಹೊಟ್ಟಿಯಂಗೇ ಹ್ವಾದ್ರಂಬ್ರ್" ಎಂದರು ಅತ್ತೆ. "ಹೆಣ ತೆಗುಕೂ ಬಿಡ್ಲಿಲ್ಲಂಬ್ರ್. ಅಲ್ಲೇ ಮೇಲಿಂದ ಗೋಡಿ ಕಟ್ಸ್ದ. ಅಂವ್ನ ಹೆಸ್ರಿನ್ ಕಲ್ಲ್ ನಿಲ್ಸ್ದ."

ಅಂದಿನಿಂದ ಪ್ರತಿ ಆಸಾಡಿ ಅಮಾಸೆಗೆ ಆ ಮನೆಗಳ ಹೆಂಗಸರು ಘಾಟಿ ಹತ್ತುತ್ತಾರೆ. ಗಂಡಸರು ಈಗಲೂ ಕೆಳಗಿನ ತಿರುವಿನಲ್ಲೇ ನಿಲ್ಲಬೇಕು. ಮೊದಲು ಒಂದು ಚುಟ್ಟ ಹೊತ್ತಿಸಿ, ರಸ್ತೆಯ ಆಚೆಬದಿಯ ಮೋಟುಗೋಡೆಯ ಮೇಲೆ, ಕಣಿವೆಯ ಕಡೆಗೆ ತುದಿ ಮಾಡಿ ಇಡುತ್ತಾರೆ. "ಹೋಯ್ ದೊರೆ, ಒಂದ್ ಸುತ್ತ್ ಹೋಯ್ಬಾ" ಎನ್ನುತ್ತಾರೆ. ದೊರೆ ಚುಟ್ಟ ಸೇದುತ್ತ ಬೆನ್ನು ತಿರುಗಿಸಿದ ಮೇಲೆಯೇ ಗೋಡೆಯ ಬುಡದಲ್ಲಿ ಎಲೆ ಹಾಕಿ, ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಒಣಮೀನಿನ ಚಟ್ನಿ ಬಡಿಸುವುದು. ಮಳೆಗೆ ಚುಟ್ಟ ಆರಿದರೆ ಅವನು ತಿರುಗಿ ಬಂದುಬಿಡುತ್ತಾನೆ, ಅವರು ಎಲೆಯ ಮುಂದಿಂದ ಎದ್ದು ಹೋಗುತ್ತಾರೆ. ಅದಕ್ಕೇ ಕೊಡೆ.

ಸುಧಾಕರ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. "ನಂಗ್ ಯಾರೂ ಹೇಳ್ಳೇ ಇಲ್ಲ" ಎಂದ. "ನೀ ಗಂಡ್‌ಸಲ್ದಾ? ಕೆಳ್ಗ್ ನಿಂತ್ ಫೋಟೋ ತೆಗುದ್ ನಿನ್ ಕೆಲ್ಸ" ಎಂದರು ಅತ್ತೆ, ಮತ್ತೆ ಮೊರ ತೆಗೆದುಕೊಂಡರು.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಾನೇ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಕೆಸರಾದ ಕೈ ಒಬ್ಬರದು, ಮೊಸರು ತಿಂದ ಬಾಯಿ ಇನ್ನೊಬ್ಬರದು. ಅಷ್ಟಕ್ಕೇ ಬಿಡದೆ, ಕೆಸರಲ್ಲಿ ಹೂತುಹೋದವರ ಮರಿಮಕ್ಕಳಿಂದಲೇ ಕೃತಜ್ಞತೆ ಹೇಳಿಸಿ ಕಬ್ಬಿಣದ ಕಂಬಕ್ಕೆ ಜಡಿಯುತ್ತಾರೆ. ಆ ವಾರ ಸಮಿತಿಗೆ ಬರೆದೆ, ಫೋನ್ ಮಾಡಿದೆ. ಫೋಟೋ ತೆಗೆಯಿರಿ, ಇಲ್ಲವೇ ಅಡಿಬರಹ ಬದಲಿಸಿ ಎಂದೆ. ಸಮಿತಿಯ ಅಧ್ಯಕ್ಷೆ ಜೂಡಿತ್, ಬಿಳಿ ಕೂದಲಿನ ಮೃದು ಮಾತಿನ ಹೆಂಗಸು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರಿಸಿದರು. ತುಂಬ ಆಸಕ್ತಿಕರ ವಿಷಯ, ಆದರೆ ಅಚ್ಚಾಗಿಬಿಟ್ಟಿದೆ, ಮೌಖಿಕ ಸಂಪ್ರದಾಯಕ್ಕೂ ಗೌರವವಿದೆ, ಇತ್ಯಾದಿ. ರಘುನಂದನ್ ನೇರವಾಗಿ ಹೇಳಿದರು, "ಹಾಲ್ ಬೇಕಾ, ಬೇಡ್ವಾ?"

ಬೇಕಿತ್ತು. ಸುಳ್ಳು ಹೇಳುವುದಿಲ್ಲ, ತುಂಬ ಬೇಕಿತ್ತು. ಇಲ್ಲಿ ಬಾಡಿಗೆಗೆ ಇನ್ನೊಂದು ಜಾಗ ಹುಡುಕುವುದು ಎಷ್ಟು ಕಷ್ಟವೆಂದು ಗೊತ್ತಿದ್ದವರಿಗೆ ಗೊತ್ತು. ಆದರೆ ಬೇಕು ಎಂದು ಬಾಯಿಬಿಟ್ಟರೆ, ಅತ್ತೆಯ ಮುಖ ಆ ಫಲಕದಲ್ಲಿ ಎಂದೆಂದಿಗೂ ಸುಳ್ಳು ಹೇಳುತ್ತ ನಿಲ್ಲುತ್ತದೆ.

ಅನಾವರಣದ ದಿನ ಶನಿವಾರ, ಮರುದಿನ ಅಮಾವಾಸ್ಯೆ. ಸುಡುಬಿಸಿಲಿನಲ್ಲಿ ಮಡಚುವ ಕುರ್ಚಿಗಳು, ನಿಂಬೆ ಶರಬತ್ತು, ಕೇಕು. ನಮ್ಮ ಗುಂಪಿನವರು ರೇಷ್ಮೆ ಉಟ್ಟು ಬಂದಿದ್ದರು. ಅತ್ತೆಯೂ ಇಸ್ತ್ರಿ ಮಾಡಿದ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಏನು ಹೇಳುತ್ತೀರಿ ಎಂದು ನಾನು ಕೇಳಿರಲಿಲ್ಲ. ಇಷ್ಟೇ ಹೇಳಿದ್ದೆ, "ನಿಮಗೆ ಸರಿ ಕಂಡದ್ದು ಹೇಳಿ."

ಪರದೆ ಸರಿಯಿತು. ಚಪ್ಪಾಳೆ. ಅತ್ತೆ ಎದ್ದು ನಿಂತು, ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದು ಹೇಳಿದರು, "ಈ ದೊರೆಗೆ ನಾವ್ ಚುಟ್ಟ ಇಡುದ್ ಮರ್ಯಾದಿಗಲ್ಲ. ಅಂವ ಆಚಿಗ್ ಹೋಯ್ಲಿ ಅಂದೇಳಿ. ಗೋಡಿ ಅಡಿಗ್ ನಮ್ಮೋರ್ ಇದ್ದ್ರ್. ಅವ್ರ್ ಇನ್ನೂ ಉಣ್ಲಿಲ್ಲ."

ನಾನು ಎದ್ದು ಮುಂದೆ ಹೋಗುವಷ್ಟರಲ್ಲಿ ರಘುನಂದನ್ ಮೈಕ್ ತೆಗೆದುಕೊಂಡಿದ್ದರು. ಅವರಿಗೆ ಅತ್ತೆಯ ಮಾತು ಅರ್ಥವಾಗಲಿಲ್ಲವೋ, ಆಗಿಯೂ ಬೇಡವಾಯಿತೋ, ಇಂದಿಗೂ ಗೊತ್ತಿಲ್ಲ. ನಗುತ್ತ ಇಂಗ್ಲಿಷಿನಲ್ಲಿ ಹೇಳಿದರು, ಈ ಮಹನೀಯರು ಕೊಟ್ಟ ದಾರಿಗಾಗಿ ನಮ್ಮ ಊರು ತಲೆತಲಾಂತರಕ್ಕೂ ಋಣಿ ಎನ್ನುತ್ತಿದ್ದಾರೆ ಈ ತಾಯಿ, ಎಂದು. ಮತ್ತೆ ಚಪ್ಪಾಳೆ ಬಿತ್ತು. ಅತ್ತೆ ತಮ್ಮ ಮಾತಿಗೇ ಎಂದು ತಿಳಿದು ಕೈಮುಗಿದರು.

"ಅಮ್ಮಾ, ದಟ್ಸ್ ನಾಟ್ ವಾಟ್ ಅಜ್ಜಿ ಸೆಡ್."

ಅನಘ. ಕುರ್ಚಿಯಿಂದ ಎದ್ದು ನಿಂತಿದ್ದಳು. ಮೆಲ್ಲಗೆ ಹೇಳುವ ಹುಡುಗಿಯಲ್ಲ, ಎಲ್ಲರಿಗೂ ಕೇಳಿಸಿತು. ನನ್ನ ಶನಿವಾರದ ಕ್ಲಾಸಿಗೆ ಪರೀಕ್ಷೆ ಎಂಬುದು ಇರಲಿಲ್ಲ. ಅವಳು ಅವತ್ತು ಪಾಸಾದಳು.

ನಾನು ರಘುನಂದನ್ ಕೈಯಿಂದ ಮೈಕ್ ಕಿತ್ತುಕೊಂಡೆ. ತೆಗೆದುಕೊಂಡೆ ಎಂದು ಬರೆಯಬಹುದಿತ್ತು, ಆದರೆ ಕಿತ್ತುಕೊಂಡೆ. ಅತ್ತೆ ಹೇಳಿದ್ದನ್ನು ಒಂದು ಮಾತು ಸೇರಿಸದೆ, ಬಿಡದೆ ಇಂಗ್ಲಿಷಿಗೆ ತಂದೆ. ಆಮೇಲೆ ಗಂಜಿ, ಗುಡ್ಡ, ಗೋಡೆ, ಕೊಡೆ ಎಲ್ಲವನ್ನೂ ಹೇಳಿದೆ. ಮುಗಿದಾಗ ಯಾರೂ ಕೈತಟ್ಟಲಿಲ್ಲ. ಹಿಂದಿನ ಸಾಲಿನ ಒಬ್ಬ ಮುದುಕ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ನಮ್ಮವರಲ್ಲಿ ಕೆಲವರು ಕೇಕಿನ ಮೇಜಿನತ್ತ ನಡೆದರು.

ಜೂಡಿತ್ ಬಿಗಿಮುಖದಿಂದ ನಮ್ಮ ಬಳಿ ಬಂದು, ಹಂಚಿಕೊಂಡಿದ್ದಕ್ಕೆ ಧನ್ಯವಾದ ಎಂದರು. ಅತ್ತೆ ನನ್ನ ತೋಳು ಹಿಡಿದರು. "ಇವ್ರ್ ಹತ್ರ ಒಂದ್ ಕೇಣ್. ಅಂವ ಒಳಗ್ ಇದ್ದದ್ದ್ ಹೌದಾ? ಎಲ್ಲಿಗೂ ಎತ್ಕಂಡ್ ಹೋಯ್ಲಿಲ್ಲ ಅಲ್ದಾ?"

ಕೇಳಿದೆ. ಜೂಡಿತ್ ಗಲಿಬಿಲಿಗೊಂಡರು, ಆದರೆ ಉತ್ತರ ಕೊಟ್ಟರು. ಹೌದು, ಇಲ್ಲಿಯೇ ಇದ್ದಾರೆ, ಖಂಡಿತವಾಗಿ, ಹೂಳಿದಂದಿನಿಂದ ಯಾರೂ ಮುಟ್ಟಿಲ್ಲ ಎಂದರು. ಅವತ್ತು ಆ ಹೆಂಗಸು ಆಡಿದ ಒಂದೇ ಒಂದು ನೇರ ಮಾತು ಅದು.

ಅತ್ತೆ ಅಲ್ಲೇ, ಗೋರಿಯ ಪಕ್ಕದಲ್ಲಿ ನಿಂತು, ನನ್ನ ಫೋನ್ ಇಸಿದುಕೊಂಡು ಊರಿಗೆ ಮಾತಾಡಿದರು. ಆಚೆ ತುದಿಯಲ್ಲಿ ಅವರ ಓರಗಿತ್ತಿ ಲಚ್ಚಕ್ಕ. ಅಲ್ಲಿನ ಮಳೆಯ ಸದ್ದು ನನಗೂ ಕೇಳುತ್ತಿತ್ತು.

"ಲಚ್ಚೀ, ಕೇಂತಾ? ನಾಳಿಗೆ ಚುಟ್ಟ ಬೇಡ. ಹೌದ್, ಬೇಡ. ಅಂವ ಅಲ್ಲಿಲ್ಲ. ಇಲ್ಲಿದ್ದ, ಮಣ್ಣಡಿಗೆ. ನಾನೇ ಕಂಡದ್ದ್. ಅಲ್ಲಿಪ್ಪುದ್ ಬರೀ ಕಲ್ಲ್." ಆಮೇಲೆ, "ಮಳಿಗ್ ಕೊಡಿ ಅವ್ರ್ ಎಲಿಗ್ ಹಿಡಿ. ನಿಧಾನಕ್ ಉಣ್ಲಿ" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಾಲ್ ಹೋಯಿತು. ದುರಸ್ತಿಯ ನಂತರ ಸಮಯ ಹೊಂದುತ್ತಿಲ್ಲ ಎಂದು ಮರ್ಯಾದೆಯಿಂದಲೇ ತಿಳಿಸಿದರು. ಶೈಲಾ ಸ್ವಲ್ಪ ಎಮೋಷನಲ್ ಎಂದು ರಘುನಂದನ್ ಎಲ್ಲರಿಗೂ ಹೇಳಿದರು. ಕ್ಲಾಸ್ ಈಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಡೆಯುತ್ತದೆ, ಮಕ್ಕಳು ಅರ್ಧವಾಗಿದ್ದಾರೆ. ಫಲಕ ಅಲ್ಲೇ ಇದೆ. ಅಡಿಬರಹದ ಬಗ್ಗೆ ಕೇಳಿದಾಗಲೆಲ್ಲ ಮುಂದಿನ ಮುದ್ರಣದಲ್ಲಿ ಪರಿಶೀಲಿಸುತ್ತೇವೆ ಎನ್ನುತ್ತಾರೆ. ಕಂಬಕ್ಕೆ ಜಡಿದ ತಗಡಿಗೆ ಮುಂದಿನ ಮುದ್ರಣ ಯಾವ ಜನ್ಮದಲ್ಲಿ ಎಂದು ನಾನೂ ಪ್ರತಿ ಸಲ ಕೇಳುತ್ತೇನೆ. ಕೇಳುವುದನ್ನು ಬಿಡುವುದಿಲ್ಲ.

ಅತ್ತೆ ಮತ್ತೆ ಬರಲಿಲ್ಲ, ಮಂಡಿನೋವು ಬಿಡುವುದಿಲ್ಲ. ಆದರೆ ಪ್ರತಿ ಆಸಾಡಿಯಲ್ಲಿ, ಅಮಾವಾಸ್ಯೆಯ ಹಿಂದಿನ ದಿನ, ಫೋನ್ ಬರುತ್ತದೆ. ಆರೋಗ್ಯ, ಅಡುಗೆ ಎಂದೇನೂ ಕೇಳುವುದಿಲ್ಲ. ನಾನು ಗೋರಿಯ ಮುಂದೆ ನಿಂತೇ ಫೋನ್ ಎತ್ತಬೇಕು. ಈ ಸಲವೂ ಹಾಗೆಯೇ ಆಯಿತು.

"ಇದ್ದನಾ?" ಎಂದರು.

ನಾನು ಗೋರಿಗೆ ಒಂದು ಸುತ್ತು ಬಂದೆ. ಕಾಲಿನಿಂದ ನೆಲ ಒತ್ತಿ ನೋಡಿದೆ.

"ಇಲ್ಲೇ ಇದ್ದಾನೆ ಅತ್ತೆ. ನಾಳೆ ನೀವು ಎಲೆ ಹಾಕಿ."